ಬೆಲ್ಲದ ನೀರಿಗೆ ಬಿದ್ದ ಉಪ್ಪು

“ಉಪ್ಪಾ?”

ಶ್ರೀನಿವಾಸ ಕೇಳಿದ ರೀತಿಗೆ ಸಬ್ ಇನ್ಸ್‌ಪೆಕ್ಟರ್ ಪ್ರಿಯಾಂಕ ಮೊಬೈಲಿನಿಂದ ಮುಖ ಎತ್ತಿ ನೋಡಿದಳು. ತನ್ನ ಮಾವಿನ ಮರಗಳಿಗೆ ಬಿದ್ದದ್ದು ವಿಷ ಎಂದಾಗ ಮಿಸುಕದ ಮನುಷ್ಯ ಉಪ್ಪು ಎಂದದ್ದಕ್ಕೆ ಬೆಚ್ಚಿದ್ದ.

“ಹ್ಞೂಂ, ಉಪ್ಪು. ನಾವು ನೀವು ಸಾರಿಗೆ ಹಾಕೋ ಉಪ್ಪು,” ಎಂದಳು. “ಲ್ಯಾಬಿನವರು ಈಗ ತಾನೆ ಫೋನ್ ಮಾಡಿದ್ರು. ನಿಮ್ಮ ಆಳು ಕುಳ್ಳಯ್ಯ ಔಷಧಿ ಹೊಡೆದ ಟ್ಯಾಂಕಿನ ತಳದಲ್ಲಿ ಕಡಲ ಪಾಚಿ ಇದೆ, ಬೆಲ್ಲ ಇದೆ. ಜೊತೆಗೆ ಕಬ್ಬಿನ ಗದ್ದೆಗೆ ಹೊಡೆಯೋ ಕಳೆನಾಶಕದ ಪುಡಿ. ಅದೂ ಸಾಲದು ಅಂತ ಉಪ್ಪು.”

“ಪಾಚಿ ಸಮುದ್ರದ್ದು ತಾನೆ ಮೇಡಂ? ಅದ್ರಲ್ಲಿ ಉಪ್ಪಿರದೆ ಇನ್ನೇನು ಸಕ್ರೆ ಇರ್ತದಾ?” ಎಂದು ಪಕ್ಕದಲ್ಲಿ ನಿಂತಿದ್ದ ಶ್ರೀನಿವಾಸನ ಅಣ್ಣ ಕೃಷ್ಣ ನಕ್ಕ.

“ಡ್ರಮ್ಮಿನಲ್ಲಿ ಉಳಿದಿರೋ ಪಾಚಿಯನ್ನೂ ನೋಡಿದ್ದಾರೆ ಕೃಷ್ಣಪ್ಪ. ಅದರಲ್ಲಿ ಇಷ್ಟು ಉಪ್ಪಿಲ್ಲ. ಕಳೆನಾಶಕವಂತೂ ಇಲ್ಲವೇ ಇಲ್ಲ.”

ಶ್ರೀನಿವಾಸ ಬೆಚ್ಚಿದ್ದನ್ನು ಅವಳು ಆಗಲೇ ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ. ಅವಳ ಗಮನವೆಲ್ಲ ಕೃಷ್ಣನ ನಗುವಿನ ಮೇಲಿತ್ತು. ತಮ್ಮನ ತೋಟ ಕರಕಲಾಗಿರುವ ಜಾಗದಲ್ಲಿ ನಿಂತು ಅಣ್ಣನಾದವನು ಹಲ್ಲು ಬಿಡುವುದೆಂದರೇನು?

ತೊಣ್ಣೂರು ಕೆರೆಯ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ರಸಪುರಿ ಮರಗಳಿಂದ ಕಪ್ಪಾದ ಹೂವು ಉದುರುತ್ತಲೇ ಇತ್ತು. ಎಲೆಗಳು ಮುರುಟಿಕೊಂಡಿದ್ದವು. ಬೇಲಿಯಾಚೆ ಕೃಷ್ಣನ ಪಾಲಿನ ಮರಗಳು ಮಾತ್ರ ಮೈತುಂಬ ಹೂ ಹೊತ್ತು, ಜೇನುಹುಳುಗಳನ್ನು ಕರೆದು ಕೂರಿಸಿಕೊಂಡು, ಇತ್ತ ಏನೂ ಆಗೇ ಇಲ್ಲವೆಂಬಂತೆ ನಿಂತಿದ್ದವು.

ಬೇಲಿಯ ಈಚೆಗೂ ಚೆನ್ನಾಗಿ ಉಳಿದ ಮರ ಒಂದೇ ಒಂದಿತ್ತು. ಅದು ತೋಟದ ನಡುವೆ, ಅಣ್ಣ ತಮ್ಮಂದಿರ ಅಪ್ಪ ಸೋಮಯ್ಯನ ಸಮಾಧಿಯ ಪಕ್ಕದಲ್ಲಿದ್ದ ಮರ. ಅದರ ಬುಡದ ಕಟ್ಟೆಯ ಮೇಲೆ ಅವರ ತಾಯಿ ಸಿದ್ದಲಿಂಗಮ್ಮ ಕಾಲು ಚಾಚಿ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದಳು.

ಈ ಕೇಸಿಗೆ ಮೂಲವೇ ಆ ಮುದುಕಿ. ಅದು ಪ್ರಿಯಾಂಕಳಿಗೆ ಗೊತ್ತಾಗಲು ವಾರ ಹಿಡಿಯಿತು.

ಸೋಮಯ್ಯ ಸಾಯುವ ಮುಂಚೆ ತೋಟವನ್ನು ಇಬ್ಬರಿಗೂ ಹಂಚಿದ್ದ. ಮಾವಿನ ಮರದ ಬುದ್ಧಿ ಗೊತ್ತಲ್ಲ, ಒಂದು ವರ್ಷ ಕೊಂಬೆ ಮುರಿಯುವಷ್ಟು ಕಾಯಿ ಬಿಟ್ಟರೆ ಮರುವರ್ಷ ಸುಸ್ತಾಗಿ ಸೊಪ್ಪು ತೋರಿಸಿಕೊಂಡು ನಿಲ್ಲುತ್ತದೆ. ಅವರ ಅದೃಷ್ಟಕ್ಕೆ ಕೃಷ್ಣನ ಮರಗಳು ಕಾಯುವ ವರ್ಷ ಶ್ರೀನಿವಾಸನವು ಕಾಯುತ್ತಿರಲಿಲ್ಲ, ಶ್ರೀನಿವಾಸನವು ಕಾಯುವ ವರ್ಷ ಕೃಷ್ಣನವು ಮಲಗಿರುತ್ತಿದ್ದವು. ಸೋಮಯ್ಯ ಅದನ್ನೇ ಕಟ್ಟಳೆ ಮಾಡಿದ. ಯಾರ ಮರ ಹೂ ಬಿಡುತ್ತೋ, ಆ ವರ್ಷ ಅವ್ವ ಅವನ ಮನೆಯಲ್ಲಿ. ಶಿವರಾತ್ರಿಗೆ ಹೂ ನೋಡಿ, ಸೀರೆ ಗಂಟು ಕಟ್ಟಿಕೊಂಡು ಸಿದ್ದಲಿಂಗಮ್ಮ ಮನೆ ಬದಲಾಯಿಸುತ್ತಿದ್ದಳು. ಅವ್ವನನ್ನು ಬರಮಾಡಿಕೊಳ್ಳುವ ಮನೆಯವರು, ಅವ್ವನನ್ನು ಕಳಿಸಿಕೊಡುವ ಮನೆಯವರಿಗೆ ಬೇಜಾರಾಗದಿರಲಿ ಎಂದು ಒಂದು ಡಬ್ಬ ಹೇರಳೆಕಾಯಿ ಉಪ್ಪಿನಕಾಯಿ ಕಳಿಸುತ್ತಿದ್ದರು.

ಹೀಗೇ ನಡೆದುಕೊಂಡು ಬಂದಿತ್ತು. ಕೆಡಿಸಿದ್ದು ಕಡಲ ಪಾಚಿ.

ಶ್ರೀನಿವಾಸ ಶ್ರೀರಂಗಪಟ್ಟಣದ ಅಂಗಡಿಯೊಂದರಿಂದ ಪಾಚಿಯ ರಸ ತಂದು ಹೊಡೆಯಲು ಶುರುಮಾಡಿದ. ಕಪ್ಪಗೆ, ಒಣಮೀನಿನ ನಾತದ ರಸ. ಕಾಯಿ ಹೊತ್ತ ವರ್ಷ ಮರಕ್ಕೆ ಸುಸ್ತಾಗದಂತೆ ನೋಡಿಕೊಂಡರೆ ಮರುವರ್ಷವೂ ಅದು ಹೂ ಬಿಡುತ್ತದೆ ಎಂದು ಅಂಗಡಿಯವನು ಹೇಳಿದ್ದ. ಬಿಟ್ಟಿತು. ಕೃಷ್ಣನ ಸರದಿಯ ಈ ವರ್ಷ ಬೇಲಿಯ ಎರಡೂ ಕಡೆ ಹೂವು!

“ನನ್ನ ಮರಾನೂ ಊ ಬುಟ್ಟದೆ, ಅವ್ವ ಎಲ್ಲೂ ಓಗಕಿಲ್ಲ,” ಎಂದ ಶ್ರೀನಿವಾಸ. “ನನ್ನ ಸರದಿ ಕಣ್ಲಾ, ಪಾಚಿ ಬಳ್ಕೊಂಡು ಅವ್ವನ್ನ ಕಿತ್ಕೊಂಡೀಯಾ?” ಎಂದ ಕೃಷ್ಣ. ಊರು ಎರಡು ಪಾಲಾಗಿ ತಮಾಷೆ ನೋಡಿತು. ಅದಾದ ಕೆಲವೇ ದಿನಕ್ಕೆ ಔಷಧಿ ಹೊಡೆಯುತ್ತಿದ್ದ ಕುಳ್ಳಯ್ಯ ಕಣ್ಣು ಹಿಡಿದುಕೊಂಡು ಮರದ ಕೆಳಗೆ ಉರುಳಿಬಿದ್ದ. ಪಾಚಿ ತಾನೆ, ಸಾರಿನಂಥದ್ದು ಎಂದು ಅವನು ಮುಖಕ್ಕೆ ಬಟ್ಟೆ ಕೂಡ ಕಟ್ಟಿರಲಿಲ್ಲ. ಈಗ ಮೈಸೂರಿನ ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಪಟ್ಟಿ. ಒಂದಾದರೂ ಉಳಿದೀತು ಎಂದು ಡಾಕ್ಟರು ಹೇಳಿದ್ದರು, ಅದೂ ಗ್ಯಾರಂಟಿಯಿಂದಲ್ಲ.

ಪ್ರಿಯಾಂಕಳಿಗೆ ಹೊಟ್ಟೆಕಿಚ್ಚಿನ ವಾಸನೆ ದೂರದಿಂದಲೇ ಬಡಿಯುತ್ತಿತ್ತು. ಬಡಿಯದೆ ಏನು, ಅವಳ ಮನೆಯಲ್ಲೇ ಅದರ ಒಲೆ ಉರಿಯುತ್ತಿತ್ತು. ಅವಳ ತಾಯಿ ನಾಗಮಂಗಲದಲ್ಲಿ ಅಕ್ಕ ಸಹನಳ ಮನೆಯಲ್ಲಿದ್ದಳು. ಎಷ್ಟು ಕರೆದರೂ ಪ್ರಿಯಾಂಕಳ ಕ್ವಾರ್ಟರ್ಸಿಗೆ ಬರಳು. ಫೋನ್ ಮಾಡಿದರೆ ಸಾಕು, ಸಹನ ಹಾಗೆ ಮಾಡಿದಳು, ಸಹನ ಹೀಗೆ ಬಡಿಸಿದಳು. ಈ ಇಬ್ಬರು ಗಂಡಸರು ತಾಯಿಗಾಗಿ ಕಚ್ಚಾಡುವುದನ್ನು ನೋಡಿ ಅವಳಿಗೆ ನಗು ಬರಬೇಕಿತ್ತು. ಬಂದದ್ದು ಉರಿ.

“ಡ್ರಮ್ಮಿನಲ್ಲಿ ವಿಷ ಇಲ್ಲ,” ಎಂದು ಅವಳು ಮುಂದುವರಿಸಿದಳು. “ಬೋರ್‌ವೆಲ್ ನೀರಿನಲ್ಲೂ ಇಲ್ಲ. ಟ್ಯಾಂಕಿಗೆ ಇನ್ನೇನು ಬಿತ್ತು ಶ್ರೀನಿವಾಸಪ್ಪ?”

“ಬೆಲ್ಲದ ನೀರು,” ಎಂದ ಅವನು.

ಪಾಚಿಗೆ ಬೆಲ್ಲ ಬೇಕಿಲ್ಲ ಎಂದು ಅಂಗಡಿಯವನು ಹೇಳಿದ್ದ. ಆದರೆ ಕಬ್ಬು ಬೆಳೆಯುವ ಊರಿನಲ್ಲಿ ಬೆಲ್ಲ ಬೇಡ ಎಂದರೆ ಕೇಳುವವರು ಯಾರು? ಬೆಲ್ಲ ಬೆರೆಸಿದರೆ ಔಷಧಿ ಎಲೆಗೆ ಅಂಟುತ್ತದೆ ಎಂದು ಇಲ್ಲಿಯವರು ಯಾವ ಔಷಧಿಗೂ ಒಂದಿಷ್ಟು ಬೆರೆಸಿಯೇ ಹೊಡೆಯುತ್ತಾರೆ.

“ಬೆಲ್ಲದ ನೀರು ಕಲಸಿದ್ದು ಯಾರು?”

ಇಬ್ಬರ ಕಣ್ಣೂ ಒಂದೇ ಸಲ ಕಟ್ಟೆಯ ಮೇಲಿದ್ದ ಮುದುಕಿಯತ್ತ ಹೋಗಿ, ಬಿಸಿ ಪಾತ್ರೆ ಮುಟ್ಟಿದಂತೆ ವಾಪಸ್ಸು ಬಂದವು. ಸಿದ್ದಲಿಂಗಮ್ಮನ ಬೆಲ್ಲದ ಮಡಕೆಯನ್ನು ಆ ಮನೆಯಲ್ಲಿ ಸೊಸೆಯರು ಕೂಡ ಮುಟ್ಟುವ ಹಾಗಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅದು ಅವಳ ಕೆಲಸ.

“ಇನ್ನೊಂದು ಮಾತು. ಬೆಳಿಗ್ಗೆ ಕುಳ್ಳಯ್ಯ ಬಾಯಿ ಬಿಟ್ಟಿದ್ದಾನೆ. ಎಲ್ಲ ಮರಕ್ಕೂ ಹೊಡೆದ ಅವನು, ನಿಮ್ಮಪ್ಪನ ಮರವನ್ನ ಮಾತ್ರ ಯಾಕೆ ಬಿಟ್ಟ ಅಂತ ಕೇಳಿದೆ. ಒಬ್ಬರು ಬೇಡ ಅಂದ್ರಂತೆ. ಟ್ಯಾಂಕಿನಲ್ಲಿ ಏನಿದೆ ಅಂತ ಗೊತ್ತಿದ್ದೋರು ತಾನೆ ಹಾಗೆ ಹೇಳೋದು? ಅವರ ಹೆಸರು ನಾನು ಹೇಳಲೋ, ನೀವು ಹೇಳ್ತೀರೋ?”

“ನಾನೇ,” ಎಂದ ಕೃಷ್ಣ.

ನಗು ಮುಖದಿಂದ ಅಳಿಸಿಹೋಗಿತ್ತು. ಪಂಚೆ ಇಳಿಸಿ ಎರಡು ಹೆಜ್ಜೆ ಮುಂದೆ ಬಂದು ನಿಂತ. “ನಾನೇ ಆಕಿದ್ದು ಮೇಡಂ. ಒಟ್ಟೆ ಉರೀತು, ಆಕ್ದೆ. ಇವ್ನ ಊವೆಲ್ಲ ಸುಟ್ಟೋಗ್ಲಿ ಅಂತ. ಕುಳ್ಳಯ್ಯನ ಕಣ್ಣಿಗೆ ಇಂಗಾಯ್ತದೆ ಅಂತ ಗೊತ್ತಿರ್ಲಿಲ್ಲ. ನಡೀರಿ ಸ್ಟೇಷನ್‌ಗೆ.”

“ಕಳೆನಾಶಕ ಹಾಕಿದ್ರಿ, ಸರಿ. ಉಪ್ಪು ಯಾಕೆ ಹಾಕಿದ್ರಿ?”

ಕೃಷ್ಣ ಪರೀಕ್ಷೆಗೆ ಓದದೆ ಬಂದ ಹುಡುಗನ ಹಾಗೆ ಮರದತ್ತ ನೋಡಿದ. “ಅದು… ಅಂಗೇ ಆಕ್ದೆ.”

ಕಟ್ಟೆಯ ಮೇಲಿಂದ ಸಿದ್ದಲಿಂಗಮ್ಮ ಇಳಿದು ಬಂದಳು. ಕೃಷ್ಣನ ತಲೆಗೆ ಕೈ ಎಟುಕದೆ ಅವನ ಬೆನ್ನು ಸವರಿದಳು. “ನನ್ ಕಂದ,” ಎಂದಳು. “ನನ್ಗೋಸ್ಕರ ಜೈಲ್ಗೋಯ್ತೀಯೇನ್ಲಾ?”

ಅಷ್ಟೇ. ಆ ಒಂದು ‘ಕಂದ’ ಶ್ರೀನಿವಾಸನಿಗೆ ತಡೆಯಲಾಗಲಿಲ್ಲ.

“ಅವನೇನು ಆಕಿದ್ದು? ಸುಳ್ಳು!” ಎಂದು ಕೂಗಿಕೊಂಡ. “ನನ್ ತೋಟಕ್ಕೆ ಅವನು ಎಲ್ಲಿಂದ ಬಂದ? ನಾನೇ ಆಕಿದ್ದು ಮೇಡಂ. ನನ್ ಎಸ್ರು ಬರ್ಕೊಳಿ.”

ಪ್ರಿಯಾಂಕ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ನಿಂತಳು. “ನಿಮ್ಮ ತೋಟಕ್ಕೆ ನೀವೇ ವಿಷ ಹಾಕಿಕೊಂಡು, ನೀವೇ ನಮಗೆ ಕಂಪ್ಲೇಂಟ್ ಕೊಟ್ರಾ?”

“ಊಂ. ಅದ್ಕೇನೀಗ?”

“ಲೇ, ನಾನು ಮೊದ್ಲು ಯೋಳಿದ್ದು ಕಣ್ಲಾ!” ಎಂದ ಕೃಷ್ಣ.

“ಮೊದ್ಲು ಯೋಳ್ಬುಟ್ರೆ ಆಗೋಯ್ತಾ? ಎಲ್ಲಾದ್ರಲ್ಲೂ ನೀನೇ ಮುಂದು. ಅವ್ವನ ಮುಂದೆ ನೀನೇ ದೊಡ್ಡ ಮಗ ಅನ್ನಿಸ್ಕೋಬೇಕು!”

ಅಪರಾಧ ಒಪ್ಪಿಕೊಳ್ಳಲು ನೂಕುನುಗ್ಗಲು ಮಾಡುವವರನ್ನು ಪ್ರಿಯಾಂಕ ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಅವ್ವನ ಅನ್ನಕ್ಕೆ ಜಗಳವಾಡಿದ್ದು ಮುಗಿದು, ಅವ್ವನ ಪಾಪಕ್ಕೆ ಜಗಳ ಶುರುವಾಗಿತ್ತು. ತನ್ನ ತಾಯಿಗೆ ಹೀಗೊಂದು ಕಷ್ಟ ಬಂದರೆ ತಾನೂ ಸಹನಳೂ ಹೀಗೆ ಮುನ್ನುಗ್ಗುತ್ತೇವೆಯೇ ಎಂದು ಯೋಚಿಸಿದಳು. ಸಹನ ಖಂಡಿತ ನುಗ್ಗುತ್ತಾಳೆ ಎನಿಸಿ ಇನ್ನಷ್ಟು ಉರಿಯಿತು.

“ಬುಡ್ರಲಾ, ಸಾಕು!”

ಸಿದ್ದಲಿಂಗಮ್ಮನ ಗಂಟಲು ಆ ವಯಸ್ಸಿಗೂ ತೋಟದ ಆ ತುದಿಗೆ ಕೇಳುವಂತಿತ್ತು. ಇಬ್ಬರು ಮಕ್ಕಳೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

“ನಾನೇ ಕಣವ್ವ ಆಕಿದ್ದು. ಯಜಮಾನ್ರ ಮರಕ್ಕೆ ಒಡೀಬೇಡ ಕುಳ್ಳಯ್ಯ ಅಂದೋಳೂ ನಾನೇ. ಆದ್ರೆ ನಾನು ಆಕಿದ್ದು ಬರೀ ಉಪ್ಪು. ನೀನು ಯೋಳ್ದೆಯಲ್ಲ ಅದ್ಯಾವ್ದೋ ಕಳೆ ಔಸ್ದಿ, ಅದ್ರ ಮುಖಾನೇ ನಾನು ನೋಡಿಲ್ಲ.”

“ಉಪ್ಪು ಯಾಕೆ ಅಜ್ಜಿ?”

ಮುದುಕಿ ಎಲೆಯಡಿಕೆ ಉಗಿದು ಬಂದು ಸಮಾಧಿಗೆ ಕೈ ಊರಿ ನಿಂತಳು.

“ಇವ್ರಪ್ಪ ಇದ್ದಾಗ ಅವ್ರು ಯೋಳೋರು, ನಾನು ಕೇಳೋಳು. ಅವ್ರು ಕಣ್ಮುಚ್ಚಿದ್ಮೇಲೆ ಮರ ಯೋಳ್ತಿತ್ತು. ಸಿದ್ದಲಿಂಗಿ, ಈ ವರ್ಸ ಇವನ ಮನೆ, ಬರೋ ವರ್ಸ ಅವನ ಮನೆ. ನಾನು ಯಾರ್ನೂ ಆರಿಸ್ಲಿಲ್ಲ, ಯಾರ ಮನ್ಸೂ ನೋಯಿಸ್ಲಿಲ್ಲ. ಈ ಪಾಚಿ ಬಂದು ಎಲ್ಡು ಕಡೆನೂ ಊವು ಬುಡ್ಸಿ ಕೂತ್ಕಂತು. ಇಬ್ರೂ ಬಂದು ನನ್ ಮುಂದೆ ನಿಂತ್ಕಂಡು, ನೀನೇ ಯೋಳವ್ವ ಯಾರ ಮನೆ ಅಂದ್ರು. ಎತ್ತೋಳ ಬಾಯಲ್ಲಿ ಅದು ಬತ್ತದಾ ಮಗ? ಒಬ್ಬನ್ನ ಬೇಕು ಅಂದ್ರೆ ಇನ್ನೊಬ್ಬನ್ನ ಬೇಡ ಅಂದಂಗೆ ತಾನೆ?”

ತನ್ನ ತಾಯಿ ಯಾಕೆ ಯಾವತ್ತೂ ‘ನೋಡೋಣ ಬಿಡು’ ಎಂದಷ್ಟೇ ಹೇಳಿ ಫೋನ್ ಇಡುತ್ತಾಳೆ ಎಂಬುದು ಪ್ರಿಯಾಂಕಳಿಗೆ ಮೊದಲ ಸಲ ಹೊಳೆಯಿತು.

“ಉಪ್ಪು ನೀರು ಬಿದ್ರೆ ಊವು ಉದ್ರೋಯ್ತದೆ ಅಂದ್ಕಂಡೆ. ಇದು ಕೃಷ್ಣನ ವರ್ಸ ತಾನೆ? ಸೀನನ ಊವು ಈ ಸಲ ಉದ್ರೋದ್ರೆ, ಮರಾನೇ ಮೊದಲಿನಂಗೆ ಯೋಳ್ತದೆ, ನಾನು ಬಾಯಿ ಬುಡದಂಗೆ ಗಂಟು ಕಟ್ಕೊಂಡು ಓಗಾನ ಅಂತ. ಬರೋ ವರ್ಸ ಇವನ ಮನೆಗೆ ಬಂದೇ ಬತ್ತಿದ್ದೆ. ಅದ್ಕೇ ಬೆಲ್ಲದ ನೀರ್ಗೆ ಸುರಿದೆ. ಕುಳ್ಳಯ್ಯನ ಕಣ್ಣು ಓಯ್ತದೆ ಅಂತ ಗೊತ್ತಿದ್ರೆ ನನ್ ಕೈ ಕಡ್ಕೊಂತಿದ್ದೆ.”

ಅವಳ ಕಣ್ಣಿನಿಂದ ನೀರು ಇಳಿಯಿತು. ಮಂಜುಗಟ್ಟಿದ ಕಣ್ಣು. ಅದಕ್ಕೆ ಬಿಳಿಯದೆಲ್ಲ ಉಪ್ಪು. ಪಾಚಿಯ ನಾತದ ಪಕ್ಕದಲ್ಲಿ ಕೂತವಳಿಗೆ ಇನ್ನೊಂದು ವಾಸನೆ ಬಂದಿದ್ದರೂ ತಿಳಿಯುವುದಲ್ಲ.

ಹಾಗಾದರೆ ಆ ಪುಡಿ ಉಪ್ಪಿನ ಜೊತೆಗೇ ಬಂದಿದೆ! ಪ್ರಿಯಾಂಕ ಮುದುಕಿಯ ಹತ್ತಿರ ಹೋದಳು.

“ಅಜ್ಜಿ, ಆ ಉಪ್ಪನ್ನ ಎಲ್ಲಿಂದ ತಗೊಂಡ್ರಿ? ಶ್ರೀನಿವಾಸಪ್ಪನ ಅಡುಗೆಮನೆಯಿಂದಲಾ?”

ಮುದುಕಿಗೆ ಸಿಟ್ಟು ಬಂತು. ಕೊಲೆಗಡುಕಿ ಎಂದಿದ್ದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

“ಏನಂದೆ? ಇವನ ಮನೇಲಿ ಉಂಡು, ಇವನ ಉಪ್ಪನ್ನೇ ಇವನ ಮರಕ್ಕೆ ಆಕ್ಲಾ? ಉಪ್ಪಿನ ರುಣ ಅಂತ ಒಂದಿಲ್ವಾ? ಕೃಷ್ಣನ ಮನೆಗೋಗಿ ತಂದೆ. ಸೊಸೆ ಮೂಗಮ್ಮ ಇತ್ತಿಲಲ್ಲಿದ್ಳು. ಉಪ್ಪಿನಕಾಯಿಗೆ ಅಂತ ಉಪ್ಪು ಉರ್ದು ಭರಣೀಲಿ ತುಂಬಿಟ್ಟಿದ್ಳಲ್ಲ, ಅದ್ರಲ್ಲಿ ಮಡ್ಲು ತುಂಬ ತಕ್ಕೊಂಡು ಬಂದೆ.”

“ನಮ್ಮನೆ ಭರಣೀಲಾ?” ಕೃಷ್ಣನ ದನಿ ಏರಿತು. “ಅವ್ವ, ಆ ಉಪ್ಪಲ್ಲೇ ಮೂಗಿ ಹೇರಳೆಕಾಯಿ ಆಕವ್ಳೆ!”

“ಯಾರಾದ್ರೂ ತಿಂದ್ರಾ?” ಪ್ರಿಯಾಂಕ ಅವನ ತೋಳು ಹಿಡಿದಳು. “ಕೃಷ್ಣಪ್ಪ, ನಿಮ್ಮನೇಲಿ ಯಾರಾದ್ರೂ ತಿಂದ್ರಾ?”

“ಇಲ್ಲ ಇಲ್ಲ. ಅವ್ವ ಮನೆಗೆ ಬಂದ ದಿನಾನೇ ನಮ್ಮನೇಲಿ ಭರಣಿ ಬಾಯಿ ಬಿಚ್ಚೋದು. ಅವ್ವನ ಎಲೆಗೆ ಮೊದ್ಲು ಬಡಿಸಿ, ಆಮ್ಯಾಕೆ ನಾವು. ಸೀನನ ಮನೆಗೆ ಅಂತ ಒಂದು ಡಬ್ಬ ಮಾತ್ರ ತೆಗ್ದಿಟ್ಟಿದ್ಳು…”

ಆ ಡಬ್ಬ.

ಬೆಳಿಗ್ಗೆ ಕೃಷ್ಣನನ್ನು ಕರೆತರಲು ಹೋದಾಗ ಮೂಗಮ್ಮ ಅದನ್ನು ಕೈಯಲ್ಲಿ ಹಿಡಿದೇ ಗೊಣಗಿದ್ದಳು. ‘ನಮ್ ಮೈದ್ನ ವಾಪಸ್ ಕಳಿಸ್ಬುಟ್ಟ ಕಣವ್ವ. ಅವ್ವ ಬತ್ತಾಳೆ ಅಂದೋರ್ಯಾರು ಅಂತ ಕೇಳಿದ್ನಂತೆ. ಇಷ್ಟು ಒಟ್ಟೆ ಉರಿ ಇರಬಾರ್ದು. ತಗೊಳಪ್ಪ, ನೀನಾದ್ರೂ ತಿನ್ನು,’ ಎಂದು ಕಾನ್‌ಸ್ಟೇಬಲ್ ದಿಲೀಪನ ಕೈಗೆ ಕೊಟ್ಟಿದ್ದಳು.

ಪ್ರಿಯಾಂಕ ಓಡಿದಳು. ತೋಟದ ಗೇಟಿನ ಬಳಿ ಜೀಪಿನ ನೆರಳಿನಲ್ಲಿ ದಿಲೀಪ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮುಂದೆ ಖಾಲಿಯಾದ ಅಕ್ಕಿ ರೊಟ್ಟಿಯ ಪೊಟ್ಟಣ. ಬೆರಳು ಬಾಯಲ್ಲಿತ್ತು.

“ಉಗಿಯೋ! ಉಗಿ ಮೊದ್ಲು!”

“ಯಾಕೆ ಮೇಡಂ?” ಅವನು ಗಾಬರಿಯಿಂದ ಎದ್ದುನಿಂತ. “ಕಹಿ ವಸಿ ಜಾಸ್ತಿ ಆಗದೆ. ಹೇರಳೆಕಾಯಲ್ವಾ, ಅಂಗೇ ಇರ್ತದೆ ಅಂತ…”

ಡಬ್ಬ ಅರ್ಧ ಖಾಲಿಯಾಗಿತ್ತು.

ಅವಳು ಡಬ್ಬ ಕಿತ್ತುಕೊಂಡಳು, ಅವನನ್ನು ಜೀಪಿನೊಳಗೆ ನೂಕಿದಳು. ಕೃಷ್ಣ ಆಗಲೇ ಬೇಲಿ ಹಾರಿ “ಮೂಗೀ, ಭರಣಿ ಮುಟ್ಬ್ಯಾಡ ಕಣಮ್ಮೀ!” ಎಂದು ಕಿರುಚುತ್ತ ಮನೆಯತ್ತ ಓಡುತ್ತಿದ್ದ. ಪಂಚೆ ಬೇಲಿಯ ಮುಳ್ಳಿಗೆ ಸಿಕ್ಕಿ ಹರಿದದ್ದು ಅವನಿಗೆ ಗೊತ್ತಾಗಲಿಲ್ಲ.

ಜೀಪು ಸ್ಟಾರ್ಟ್ ಮಾಡಲು ಕೀಲಿ ತಿರುಗಿಸುವಾಗ ಪ್ರಿಯಾಂಕಳಿಗೆ ನೆನಪಾಯಿತು. ವಿಷ ಎಂದಾಗ ಮಿಸುಕದೆ ಉಪ್ಪು ಎಂದಾಗ ಬೆಚ್ಚಿದ ಮುಖ. ಉಪ್ಪಿನಕಾಯಿಯ ಡಬ್ಬ ವಾಪಸ್ಸು ಕಳಿಸಿದವನೂ ಅವನೇ. ಅವಳು ತಿರುಗಿ ನೋಡಿದಳು.

ಶ್ರೀನಿವಾಸ ಕದಲಿರಲಿಲ್ಲ. ಅಪ್ಪನ ಮರದ ಕೆಳಗೆ, ತನ್ನ ಕರಕಲಾದ ತೋಟದ ನಡುವೆ, ಓಡುತ್ತಿದ್ದ ಅಣ್ಣನ ಬೆನ್ನನ್ನೇ ನೋಡುತ್ತ ನಿಂತಿದ್ದ. ಅವನ ಎದುರಿಗೆ ಸಿದ್ದಲಿಂಗಮ್ಮ ನಿಂತಿದ್ದಳು. ಕೃಷ್ಣನ ಬೆನ್ನು ಸವರಿದ್ದ ಕೈಯಿಂದಲೇ ಈಗ ಕಿರಿಮಗನ ಗಲ್ಲ ಹಿಡಿದು ಮುಖವನ್ನು ತನ್ನತ್ತ ತಿರುಗಿಸಿಕೊಂಡಳು. ಅವಳ ಮಾತು ಗೇಟಿನವರೆಗೂ ಕೇಳಿಸಿತು.

“ಸೀನ, ಅಣ್ಣನ ಮನೇಲಿ ಒಂದು ತುತ್ತೂ ತಿನ್ನಬ್ಯಾಡ ಅಂತ ನಿನ್ ತಲೆ ಮೇಲೆ ನನ್ ಕೈ ಇಡಿಸ್ಕೊಂಡು ಆಣೆ ಮಾಡಿಸ್ಕಂಡ್ಯಲ್ಲ. ನಾನು ನಿನ್ ಬುಟ್ಟು ಓಗ್ಬಾರ್ದು ಅಂತ ಯೋಳ್ತಾವ್ನೆ, ನನ್ ಮೇಲೆ ಪ್ರೀತಿ ಅಂದ್ಕಂಡೆ.”

ಅವನು ಮುಖ ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

“ಯಾಕ್ಲಾ ಮಗ ಅಂಗಂದೆ?”